ಕುಷ್ಠಾಣುವಿಗೆ ಬಣ್ಣ ಹತ್ತಿದ ಕಥೆ

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ, ಕುಷ್ಠವು ವಂಶಪಾರಂಪರ್ಯವಾಗಿ ಇಳಿದುಬರುವ ವ್ಯಾಧಿಯೆಂಬ ಮತವೇ ಪ್ರಬಲವಾಗಿದ್ದಿತು. 1847ರಲ್ಲಿ ಸಹವೈದ್ಯ ಬೋಕ್‌ನೊಡನೆ ಆ ವ್ಯಾಧಿಯನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ರಚಿಸಿದ ವೈದ್ಯ ಡೇನಿಯಲ್ಸೆನ್ನನೇ ಅದರ ಪ್ರತಿಪಾದಕನಾಗಿದ್ದನು. ಅವನ ಅಳಿಯನಾದ ಅರ್ಮೌಯರ್ ಹ್ಯಾನ್ಸೆನ್ 1873ರಲ್ಲಿ ರೋಗಿಯ ಚರ್ಮದ ಗಂಟಿನಿಂದ ತೆಗೆದ ದ್ರವ್ಯವನ್ನು, ಯಾವ ಬಣ್ಣವನ್ನೂ ಹಚ್ಚದೆ, ಸೂಕ್ಷ್ಮದರ್ಶಕದ ಕೆಳಗಿರಿಸಿ ಕಡ್ಡಿಯಾಕಾರದ ಕಣಗಳನ್ನು ಕಂಡನು. ಮಾವನ ಮತವನ್ನೇ ಅಲ್ಲಗಳೆಯುವ ಆ ದರ್ಶನವನ್ನು ಮರುವರ್ಷ ಪ್ರಕಟಪಡಿಸಿದನಾದರೂ, ವರ್ಣಹೀನವಾದ ಆ ಕಡ್ಡಿಗಳು ಇತರರ ಕಣ್ಣಿಗೆ ಪ್ರಮಾಣವಾಗಲಿಲ್ಲ.

1879ರಲ್ಲಿ ಬರ್ಗೆನ್ನಿಗೆ ಬಂದ ಜರ್ಮನಿಯ ತರುಣ ವೈದ್ಯ ಆಲ್ಬರ್ಟ್ ನೈಸರ್, ಹ್ಯಾನ್ಸೆನ್ ಔದಾರ್ಯದಿಂದ ಕೊಟ್ಟ ಮಾದರಿಗಳನ್ನು ಕೊಂಡೊಯ್ದು, ಅನಿಲೀನ್ ಬಣ್ಣಗಳಿಂದ ಕಡ್ಡಿಗಳನ್ನು ಸ್ಫುಟವಾಗಿ ತೋರಿಸಿ, ಶೋಧದ ಕೀರ್ತಿಗೂ ಕೈಚಾಚಿದನು. ಬಣ್ಣ ಹತ್ತಿಸಿದ ಶ್ರೇಯಸ್ಸು ಅವನದು. ಕಂಡ ಶ್ರೇಯಸ್ಸು ಹ್ಯಾನ್ಸೆನ್ನನದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಹ್ಯಾನ್ಸೆನ್ನನೇ, ಆ ರೋಗಾಣುವನ್ನು ಕೃತಕವಾಗಿ ಬೆಳೆಸಲಾರದೆ, ಅದರ ಅಂಟುವ ಗುಣವನ್ನು ಸಾಧಿಸಿ ತೋರಿಸುವ ಹಂಬಲದಿಂದ ಒಬ್ಬ ಹೆಂಗಸಿನ ಕಣ್ಣಿಗೆ ಅವಳ ಸಮ್ಮತಿಯಿಲ್ಲದೆ ರೋಗದ್ರವ್ಯವನ್ನು ಚುಚ್ಚಿದನೆಂಬುದನ್ನೂ, 1880ರಲ್ಲಿ ನ್ಯಾಯಾಲಯವು ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆದುಹಾಕಿತೆಂಬುದನ್ನೂ ಮರೆಮಾಚಲಾಗದು. ಆ ತೀರ್ಪು ನ್ಯಾಯವಾದುದೇ.

ಮುಂದೆ ಕ್ಷಯಾಣುವಿಗಾಗಿ ಸೀಲ್ ಮತ್ತು ನೀಲ್ಸೆನ್ ರೂಪಿಸಿದ ವಿಧಾನವು, ಕಾರ್ಬಾಲಿಕ್ ಆಮ್ಲ ಬೆರೆಸಿದ ಕೆಂಪು ಫುಕ್ಸಿನ್ನಿನಲ್ಲಿ ಅದ್ದಿ ಆಮ್ಲದಿಂದ ತೊಳೆದರೂ ಬಣ್ಣ ಬಿಡದ ಅಣುಗಳ ಸ್ವಭಾವವನ್ನು ಹಿಡಿದುಕೊಟ್ಟಿತು. ಹಾಗೆ ಬಣ್ಣವನ್ನು ಹಿಡಿದಿಡುವ ಕೋಶಭಿತ್ತಿಯ ಮೇಣವು ಕುಷ್ಠಾಣುವಿನಲ್ಲಾದರೋ ಅಷ್ಟು ಗಟ್ಟಿಯಲ್ಲ. ಪ್ಯಾರಾಫಿನ್ನಿನಲ್ಲಿ ಹುದುಗಿಸಿದ ಅಂಗಾಂಶವನ್ನು ಕ್ಸೈಲೀನಿನಿಂದ ತೊಳೆದರೆ ಅದೂ ಸೋರಿಹೋಗಿ, ಇದ್ದ ಅಣುವೇ ಕಾಣದಾಗುವುದುಂಟು. ಆದಕಾರಣ ಫೈಟ್–ಫರಾಕೊ ವಿಧಾನದಲ್ಲಿ ಕ್ಸೈಲೀನಿಗೆ ಕಡಲೆಕಾಯಿ ಎಣ್ಣೆಯನ್ನು ಬೆರೆಸಿ ಆ ಮೇಣವನ್ನು ಕಾಪಾಡುತ್ತಾರೆ, ಆಮ್ಲವನ್ನೂ ಸೌಮ್ಯವಾಗಿಡುತ್ತಾರೆ. ಅಡುಗೆಮನೆಯ ಎಣ್ಣೆಯೊಂದು ರೋಗನಿರ್ಣಯಕ್ಕೆ ಇಷ್ಟು ಉಪಕರಿಸೀತೆಂದು ಯಾರು ಎಣಿಸಿದ್ದರು!

ಹ್ಯಾನ್ಸೆನ್ನನ ಆ ಹಳೆಯ ತೊಡಕು ಮಾತ್ರ ಇಂದಿಗೂ ಬಿಟ್ಟಿಲ್ಲ: ಕುಷ್ಠಾಣುವು ಯಾವ ಕೃತಕ ಮಾಧ್ಯಮದಲ್ಲಿಯೂ ಬೆಳೆಯದು. 2001ರಲ್ಲಿ ಅದರ ಸಮಗ್ರ ವಂಶಲಿಪಿಯನ್ನು ಓದಿದುದೂ, ಅಂಗಾಂಶದಲ್ಲಿಯ ಡಿಎನ್ಎ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ಪಿಸಿಆರ್ ವಿಧಾನವೂ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದುವು. ಬಣ್ಣಕ್ಕೆ ಸಿಕ್ಕದಷ್ಟು ವಿರಳವಾಗಿರುವ ಅಣುಗಳೂ ಈಗ ಎಷ್ಟೋ ಸಲ ಸಿಕ್ಕುತ್ತವೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ಗುರುತಿಸುವ ವೈದ್ಯನ ಕೈಗೂ, ಕೆಂಪು ಕಡ್ಡಿಯನ್ನು ಕಾಣುವ ಕಣ್ಣಿಗೂ ಪಿಸಿಆರ್ ಬದಲಿಯಲ್ಲ. ಆದರೆ ಕುಷ್ಠಕ್ಕೆ ಕೊಡುವ ರಿಫಾಂಪಿಸಿನ್ ಔಷಧಿಗೆ ಅಣುವು ಮಣಿಯುವುದೋ ಇಲ್ಲವೋ ಎಂಬುದನ್ನು ಬಣ್ಣವು ಹೇಳಲಾರದು. ಅದನ್ನು ಆ ಅಣುವಿನ ವಂಶವಾಹಿಯಲ್ಲಿಯೇ ಓದಬೇಕು.