ಅಚ್ಚು ಕೊಯ್ದವರ ಕಥೆ

ಹಳೇ ಅಮೆರಿಕನ್ ಕಾರುಗಳ ಫೋಟೋ ನೋಡುವ ಹುಚ್ಚು ನಿಮಗೂ ಇದ್ದರೆ ಇದನ್ನು ಗಮನಿಸಿರುತ್ತೀರಿ. ಮುಂದಿನಿಂದ ನೋಡಿದರೆ 1960ರ ದಶಕದ ಸಾಧು ಸಂಸಾರಸ್ಥರ ಕಾರು. ಹಿಂದಕ್ಕೆ ಹೋಗಿ ನೋಡಿದರೆ ರೋಡ್ ರೋಲರಿನ ಹಾಗಿರುವ ಟೈರುಗಳು! ಮೂಗಿಗಿಂತ ಮೂಗುತಿ ಭಾರ. ವಿಚಿತ್ರ ಏನಪ್ಪಾ ಅಂದ್ರೆ ಅಷ್ಟು ಅಗಲದ ಟೈರು ಬಾಡಿಯಿಂದ ಒಂದಿಂಚೂ ಹೊರಗೆ ಚಾಚಿರುವುದಿಲ್ಲ. ಕಾರಣ ಕಾರಿನ ಹೊಟ್ಟೆಯಡಿ ಇದೆ. ಹಿಂದಿನ ಆಕ್ಸಲನ್ನು, ಅಂದ್ರೆ ಅಚ್ಚನ್ನು, ಕೊಯ್ದು ಗಿಡ್ಡ ಮಾಡಿರುತ್ತಾರೆ.

ಗೆದ್ದ ಚಾಲಕರ ಹೆಸರು, ಎಂಜಿನ್ನಿನ ಕುದುರೆ ಶಕ್ತಿ ಎಲ್ಲವೂ ಪುಸ್ತಕಗಳಲ್ಲಿ ಸಿಗುತ್ತವೆ. ಅಚ್ಚು ಕೊಯ್ದವನನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಈ ಬರಹ.

ಶುರುವಾಗಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದಲ್ಲಿ ಅಲ್ಲಿನ ಹುಡುಗರು ಹಳೇ ಫೋರ್ಡುಗಳನ್ನು ಬಿಚ್ಚಿ ಹಗುರ ಮಾಡಿ ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಅಲ್ಲಿ ಲೆಕ್ಕಕ್ಕಿದ್ದದ್ದು ಗರಿಷ್ಠ ವೇಗ. ಅದಕ್ಕೆ ಸಣ್ಣ ಟೈರೇ ಸಾಕಿತ್ತು. ಎರಡನೇ ಮಹಾಯುದ್ಧದ ನಂತರ ಆಟ ಬದಲಾಯಿತು. ನಿಂತಲ್ಲಿಂದ ಹೊರಟು ಕಾಲು ಮೈಲಿ ಮೊದಲು ಮುಟ್ಟಿದವನು ಗೆದ್ದ. ಇದೇ ಡ್ರ್ಯಾಗ್ ರೇಸ್. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಟ್ಟು ರೇಸ್ ನಡೆಸತೊಡಗಿದರು, 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದರು.

ಈ ಆಟದಲ್ಲಿ ಸೋಲು ಗೆಲುವು ಮೊದಲ ಕೆಲವು ಅಡಿಗಳಲ್ಲೇ ತೀರ್ಮಾನ. ಎಂಜಿನ್ ಎಷ್ಟೇ ದೊಡ್ಡದಿರಲಿ, ಟೈರು ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸಿದರೆ ಏನು ಬಂತು? ಹಾಗಾಗಿ ಬಂತು ಸ್ಲಿಕ್: ಕಚ್ಚುಗಳಿಲ್ಲದ, ನುಣ್ಣನೆಯ, ಮೆತ್ತಗಿನ ರಬ್ಬರಿನ ಟೈರು. ಎಂ ಅಂಡ್ ಎಚ್ ಕಂಪನಿಯ ಮಾರ್ವಿನ್ ರಿಫ್ಚಿನ್ 1950ರ ದಶಕದಲ್ಲಿ ಡ್ರ್ಯಾಗ್‌ಗೆಂದೇ ಇಂಥ ಟೈರು ಮಾಡಿ ಹೆಸರು ಗಳಿಸಿದರು. ಮೆತ್ತಗಿನ ರಬ್ಬರು ರಸ್ತೆಗೆ ಚೆನ್ನಾಗಿ ಅಂಟುತ್ತದೆ, ಆದರೆ ಬೇಗ ಕಾಯುತ್ತದೆ, ಬೇಗ ಹರಿಯುತ್ತದೆ. ಆ ಹೊರೆ ಹಂಚಬೇಕಾದರೆ ಟೈರು ಅಗಲವಾಗಬೇಕು. ಆಯಿತು ಕೂಡಾ, ವರ್ಷದಿಂದ ವರ್ಷಕ್ಕೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಕಾಲೇ ಬೆಳೆಯುತ್ತಾ ಹೋಯಿತು! ಹೊರಕ್ಕೆ ಚಾಚೋಣ ಅಂದ್ರೆ ಮಡ್‌ಗಾರ್ಡ್ ಅಡ್ಡ. ಅದನ್ನು ಕತ್ತರಿಸೋಣ ಅಂದ್ರೆ ಅನೇಕ ರೇಸ್ ವರ್ಗಗಳ ನಿಯಮ ಅಡ್ಡ; ಕಾರು ಕಾರ್ಖಾನೆಯಿಂದ ಬಂದ ಹಾಗೇ ಕಾಣಬೇಕು. ಉಳಿದದ್ದು ಒಂದೇ ದಾರಿ, ಚಕ್ರವನ್ನೇ ಒಳಕ್ಕೆ ಎಳೆಯುವುದು. 1960ರ ದಶಕದಲ್ಲಿ ಗ್ಯಾಸರ್ ಎಂಬ ವರ್ಗದಲ್ಲಿ 1940ರ ಆಸುಪಾಸಿನ ಪುಟ್ಟ ವಿಲ್ಲೀಸ್ ಕಾರುಗಳು ಮೆರೆದವು. ಅವುಗಳ ಕಿರಿದಾದ ಮೈಯೊಳಗೆ ಕೂರಿಸಲು ಗುಜರಿಯಿಂದ ತಂದ ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಆಕ್ಸಲುಗಳನ್ನು ಕೊಯ್ಯುತ್ತಿದ್ದರು.

ಆದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದದ್ದು ಫೋರ್ಡ್ 9 ಇಂಚಿನ ಆಕ್ಸಲ್. 1957ರಿಂದ 1986ರವರೆಗೆ ಫೋರ್ಡ್ ಕಾರು, ಪಿಕಪ್ಪುಗಳಲ್ಲಿ ಬಂತು. ಅದರ ಕ್ರೌನ್ ಮತ್ತು ಪಿನಿಯನ್ ಇರುವ ಭಾಗ ಇಡಿಯಾಗಿ ಮುಂದಿನಿಂದ ಬಿಚ್ಚಿ ಬರುತ್ತದೆ. ಉಳಿಯುವುದು ಖಾಲಿ ಉಕ್ಕಿನ ಡೊಳ್ಳು ಮತ್ತು ಎರಡು ಕೊಳವೆ. ಕೊಯ್ಯುವವನಿಗೆ ಇನ್ನೇನು ಬೇಕು?

ಇನ್ನೊಂದು ಗುಣ ಜೀವಕ್ಕೆ ಸಂಬಂಧಿಸಿದ್ದು. ಎತ್ತಿನ ಗಾಡಿಯ ಕಡಾಣಿ ನೆನಪಿಸಿಕೊಳ್ಳಿ. ಅದು ಕಳಚಿದರೆ ಚಕ್ರ ಹೋಯಿತು. ಜನರಲ್ ಮೋಟರ್ಸ್‌ನ ಅನೇಕ ಆಕ್ಸಲುಗಳಲ್ಲಿ ಶಾಫ್ಟನ್ನು ಹಿಡಿದಿಡುವುದು ಡಿಫರೆನ್ಷಿಯಲ್ ಒಳಗಿರುವ ಒಂದು ಪುಟ್ಟ ಸಿ ಆಕಾರದ ಕ್ಲಿಪ್ಪು. ಶಾಫ್ಟು ಮುರಿದರೆ ತುಂಡಿನ ಸಮೇತ ಚಕ್ರವೇ ಹೊರಗೆ ಬರಬಹುದು. ಫೋರ್ಡ್ 9 ಇಂಚಿನಲ್ಲಿ ಹಿಡಿತ ಇರುವುದು ಹೊರ ತುದಿಯಲ್ಲಿ, ಬೇರಿಂಗಿನ ಹತ್ತಿರ ಬೋಲ್ಟು ಹಾಕಿದ ತಗಡಿನಲ್ಲಿ. ಶಾಫ್ಟು ಒಳಗೆ ಮುರಿದರೂ ಚಕ್ರ ಸಾಮಾನ್ಯವಾಗಿ ಜಾಗ ಬಿಡುವುದಿಲ್ಲ.

ಲೆಕ್ಕ ಸುಲಭ. ಎರಡು ಮಡ್‌ಗಾರ್ಡುಗಳ ಒಳ ಅಂಚಿನ ನಡುವೆ 66 ಇಂಚು ಇದೆ ಅನ್ನಿ. ಉಜ್ಜದಿರಲು ಕಡೆಗೊಂದು ಇಂಚು ಬಿಟ್ಟರೆ 64. ಹಬ್ಬಿನಿಂದ ಹೊರಕ್ಕೆ, ಟೈರಿನ ಉಬ್ಬು ಸೇರಿ, ಒಂದೊಂದು ಕಡೆ 7 ಇಂಚು ಬೇಕಾದರೆ 14 ಕಳೆಯಿರಿ. ಆಕ್ಸಲ್ 50 ಇಂಚು ಇರಬೇಕು. ಈಗಿರುವುದು 60 ಆದರೆ ಒಟ್ಟು 10 ಇಂಚು ಹೋಗಬೇಕು.

ಕಷ್ಟ ಇರುವುದು ಮುಂದಿನ ಹಂತದಲ್ಲಿ. ಕೊಳವೆಯ ತುದಿಗಳನ್ನು ಮತ್ತೆ ಬೆಸೆಯುವಾಗ ವೆಲ್ಡಿಂಗಿನ ಬಿಸಿಗೆ ಕೊಳವೆ ಬಾಗುತ್ತದೆ. ಅದಕ್ಕೇ ಈ ತುದಿಯಿಂದ ಆ ತುದಿಗೆ ನೇರವಾದ ಉಕ್ಕಿನ ಸರಳೊಂದನ್ನು ತೂರಿಸಿ, ಸ್ವಲ್ಪ ಸ್ವಲ್ಪವೇ ಬೆಸೆದು, ಆರಲು ಬಿಟ್ಟು, ಸರಳು ಸಲೀಸಾಗಿ ತಿರುಗುತ್ತದೆಯೇ ಅಂತ ನೋಡುತ್ತಾರೆ. ಸೊಟ್ಟಗಾದರೆ ಬೇರಿಂಗು ಬೇಗ ಸಾಯುತ್ತದೆ. ಶಾಫ್ಟಿನ ಕಥೆ ಬೇರೆ. ಅದನ್ನು ಗಿಡ್ಡ ಮಾಡಿ ತುದಿಗೆ ಹೊಸದಾಗಿ ಹಲ್ಲು ಕೊರೆಯಬೇಕು. ಕೆಲವು ಶಾಫ್ಟುಗಳು ನಡುವೆ ಸಣಕಲು, ಹಲ್ಲು ಕೊರೆಯುವಷ್ಟು ದಪ್ಪವೇ ಇರುವುದಿಲ್ಲ. ಆಗ ಹೊಸದೇ ಗತಿ. ಕತ್ತರಿಸಿ ಮಧ್ಯೆ ಬೆಸುಗೆ ಹಾಕುವುದಂತೂ ಸಾವಿಗೆ ಆಹ್ವಾನ. ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲಿನಲ್ಲಿ ಗುಜರಿ ಪ್ರಿಯರು ಒಂದು ಜಾಣ ಉಪಾಯ ಕಂಡುಕೊಂಡರು. ಅದರ ಒಂದು ಶಾಫ್ಟು ಉದ್ದ, ಇನ್ನೊಂದು ಗಿಡ್ಡ. ಉದ್ದದ ಕಡೆಯ ಕೊಳವೆ ಮಾತ್ರ ಕೊಯ್ದು, ಗುಜರಿಯಿಂದ ಇನ್ನೊಂದು ಗಿಡ್ಡ ಶಾಫ್ಟು ತಂದರೆ ಆಯಿತು, ಹಲ್ಲು ಕೊರೆಯುವ ಗೋಜೇ ಇಲ್ಲ :)

1970ರ ದಶಕದ ಕೊನೆಗೆ ಈ ವಿದ್ಯೆ ರೇಸಿನಿಂದ ಬೀದಿಗೆ ಬಂತು. ಪ್ರೊ ಸ್ಟಾಕ್ ರೇಸ್ ಕಾರಿನ ಹಾಗೆ ಕಾಣಬೇಕು ಎಂಬ ಆಸೆಯಿಂದ ಹುಟ್ಟಿದ ಈ ಶೈಲಿಗೆ ಪ್ರೊ ಸ್ಟ್ರೀಟ್ ಅಂತ ಹೆಸರಾಯಿತು. ಸ್ಕಾಟ್ ಸಲಿವನ್, ರಿಕ್ ಡಾಬರ್ಟಿನ್ ಅವರ ಷೆವ್ರೊಲೆ ನೋವಾಗಳು ಪತ್ರಿಕೆಗಳಲ್ಲಿ ಮೆರೆದವು. ಅವನ್ನು ನೋಡಿ ಎಷ್ಟೋ ಜನ ಮನೆಯ ಗ್ಯಾರೇಜಿನಲ್ಲೇ ಗರಗಸ ಹಿಡಿದರು.

ನನಗೆ ಚುಚ್ಚುವ ಪ್ರಶ್ನೆ ಇಲ್ಲೇ ಇರುವುದು. ಅಚ್ಚು ಒಳಗೆ ಹೋದ ಮೇಲೆ ಟೈರಿಗೂ ಜಾಗ ಬೇಕಲ್ಲ? ಲೀಫ್ ಸ್ಪ್ರಿಂಗ್ ತೆಗೆದರು, ಚಾಸಿಯ ಹಳಿಗಳನ್ನು ಒಳಗೆ ಸರಿಸಿದರು, ಹಿಂದಿನ ಸೀಟು ಇದ್ದ ನೆಲವನ್ನೇ ಕತ್ತರಿಸಿ ತಗಡಿನ ತೊಟ್ಟಿ ಕೂರಿಸಿದರು. ಆಗ ಅವು ಬರೀ ಹಳೇ ಕಾರುಗಳು, ಕೈಗೆಟುಕುವ ಬೆಲೆಗೆ ಸಿಗುತ್ತಿದ್ದವು. ಈಗ ಅವೇ ಕ್ಲಾಸಿಕ್. ಹಾಳು ಮಾಡಿಬಿಟ್ಟರು ಅಂತ ಸಂಗ್ರಹಕಾರರು ಗೋಳಾಡುತ್ತಾರೆ.

ನಾನು ಪೂರ್ತಿ ಅವರ ಪಕ್ಷ ಅಲ್ಲ. ಕಾರು ದೇವರ ಮೂರ್ತಿಯಲ್ಲ, ಓಡಿಸಲಿಕ್ಕೆಂದೇ ಮಾಡಿದ್ದು. ಕೊಯ್ದವರಲ್ಲಿ ಅನೇಕರು ಹಾಗೆ ಮಾಡದಿದ್ದರೆ ಆ ಕಾರು ಗುಜರಿಯಲ್ಲೇ ಕರಗಿ ಹೋಗುತ್ತಿತ್ತು. ಆದರೂ ಒಂದು ಗೆರೆ ಇದೆ. ಅಚ್ಚನ್ನು ಬದಲಿಸಬಹುದು: ಮೂಲದ್ದನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟು, ಗುಜರಿಯಿಂದ ತಂದ ಇನ್ನೊಂದನ್ನು ಕೊಯ್ದರೆ ಮುಂದೊಂದು ದಿನ ವಾಪಸ್ ಹಾಕಬಹುದು. ನೆಲವನ್ನೂ ಚಾಸಿಯನ್ನೂ ಹಾಗೆ ಸುಲಭವಾಗಿ ವಾಪಸ್ ತರಲಾಗದು. ನಂತರದ ವರ್ಷಗಳಲ್ಲಿ ಜನಪ್ರಿಯವಾದ ಮಿನಿ ಟಬ್ ವಿಧಾನ ಈ ಗೆರೆಯನ್ನು ಸ್ವಲ್ಪ ಗೌರವಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಚಾಸಿಯ ಹಳಿ ಇದ್ದಲ್ಲೇ ಇರುತ್ತದೆ, ಚಕ್ರದ ಗೂಡು ಮಾತ್ರ ಕೆಲವು ಇಂಚು ಒಳಗೆ ಸರಿಯುತ್ತದೆ.

ಇವತ್ತು ಅಳತೆ ಬರೆದು ಕಳಿಸಿದರೆ ಕಂಪ್ಯೂಟರ್ ಯಂತ್ರದಲ್ಲಿ ಕೊರೆದ ಹೊಸ ಆಕ್ಸಲ್ ಪೆಟ್ಟಿಗೆಯಲ್ಲಿ ಮನೆಗೇ ಬರುತ್ತದೆ. ಒಳ್ಳೆಯದೇ, ಹಳೆಯದೊಂದು ಉಳಿಯಿತು. ಆದರೆ ಆ ಯಂತ್ರಕ್ಕೆ ಕೊಡುವ ಅಳತೆಯ ಲೆಕ್ಕ ಕಟ್ಟಿದವರು ಮೈಗೆಲ್ಲ ಗ್ರೀಸ್ ಬಳಿದುಕೊಂಡು ಕಾರಿನಡಿ ಮಲಗಿದ್ದವರೇ. ಮುಂದಿನ ಸಲ ಅಂಥ ಕಾರಿನ ಫೋಟೋ ಸಿಕ್ಕರೆ ಎಂಜಿನ್ ನೋಡಿ ನಿಲ್ಲಿಸಬೇಡಿ, ಅಡಿಯಲ್ಲಿ ತೆಗೆದ ಫೋಟೋ ಇದ್ದರೆ ಅದನ್ನೂ ನೋಡಿ. ಬೆಸುಗೆಯ ಗೆರೆ ಕಂಡರೆ ಅಲ್ಲೊಬ್ಬನ ಸಹಿ ಇದೆ ಅಂದುಕೊಳ್ಳಿ.