ಅಕ್ಕಸಾಲೆಯ ಒಂದೇ ಬಾಗಿಲು

ಅಕ್ಕಸಾಲಿಗ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಮನುಷ್ಯ. ಆದರೆ ಆ ಪದದೊಳಗೆ ಇರುವುದು ಒಂದು ಕಟ್ಟಡ. ಸಂಸ್ಕೃತದ ಅಕ್ಷಶಾಲೆ ಕನ್ನಡದ ನಾಲಿಗೆಯಲ್ಲಿ ಅಕ್ಕಸಾಲೆಯಾಯಿತು. ಅಲ್ಲಿ ಕೂತು ಚಿನ್ನ ಬೆಳ್ಳಿಯ ಕೆಲಸ ಮಾಡುವವನು ಅಕ್ಕಸಾಲಿ, ಅಕ್ಕಸಾಲಿಗ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಈ ಅಕ್ಷಶಾಲೆಯ ವಿವರವೇ ಇದೆ. ನಾಲ್ಕು ಕೋಣೆ, ಒಂದೇ ಬಾಗಿಲು. ನೇಮಕವಾಗದವರು ಒಳಗೆ ಕಾಲಿಡುವಂತಿಲ್ಲ. ನೇಮಕವಾದವರನ್ನೂ ಬರುವಾಗ ಹೋಗುವಾಗ ಬಟ್ಟೆ, ಕೈ, ಮೈ ತಡಕಿಯೇ ಬಿಡಬೇಕು. ಉಪಕರಣಗಳೂ ಅರ್ಧಂಬರ್ಧ ಆದ ಕೆಲಸವೂ ಒಳಗೇ ಉಳಿಯಬೇಕು.

ಒಡವೆ ಮಾಡುವುದನ್ನು ಹವ್ಯಾಸಕ್ಕೆಂದು ಕಲಿಯುವುದು, ಕಲಿತದ್ದನ್ನು ಇನ್ನೊಬ್ಬರಿಗೆ ತೋರಿಸಿಕೊಡುವುದು ಇವತ್ತು ಬೆಂಗಳೂರಿನಲ್ಲಿ ಸಹಜವೆನ್ನಿಸುವ ಸಂಗತಿ. ಮತ್ತಿಕೆರೆಯ ಯಾವುದೋ ಮನೆಯ ತಾರಸಿಯಲ್ಲಿ ಭಾನುವಾರ ತಾಮ್ರದ ತಗಡು ಕುಯ್ಯುವ ಸದ್ದು ಕೇಳಿದರೆ ಯಾರೂ ಬೆಚ್ಚುವುದಿಲ್ಲ. ಇದರ ಇತಿಹಾಸ ಹುಡುಕುತ್ತ ಹೊರಟರೆ ಮಾತ್ರ ಮತ್ತೆ ಮತ್ತೆ ಆ ಒಂದೇ ಬಾಗಿಲಿನ ಎದುರು ಬಂದು ನಿಲ್ಲುತ್ತೇವೆ. ಅದನ್ನು ಯಾರು, ಯಾವಾಗ, ಎಷ್ಟು ತೆರೆದರು?

ಮೊದಲು ತೆರೆದವನು ಒಬ್ಬ ರಾಜ ಎನ್ನಬಹುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಅರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇದೆ, ಒಡವೆಯೂ ಇದೆ. ಅದರಲ್ಲಿ ನನಗೆ ಹೆಚ್ಚು ಹಿಡಿಸುವುದು ಲೋಹದ ಎರಕದ ಭಾಗ. ಜೇನುಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವ ಕ್ರಮ ಅದು. ಎಷ್ಟು ಲೋಹ ಬೇಕು ಎಂಬುದಕ್ಕೆ ಲೆಕ್ಕವನ್ನೂ ಕೊಡುತ್ತದೆ: ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ. ನಮ್ಮ ಕಾಲದ ಸಾಂದ್ರತೆಯ ಪಟ್ಟಿ ಹಿಡಿದು ನೋಡಿದರೆ ಬೆಳ್ಳಿಗೆ ಹನ್ನೊಂದು ಪಟ್ಟು ಸಾಕು, 12 ಎಂದರೆ ಚೆಲ್ಲಿಹೋಗುವುದಕ್ಕೂ ಲೆಕ್ಕ ಹಿಡಿದಂತಾಯಿತು. ಚಿನ್ನಕ್ಕೆ 16 ಸಾಲದು. ಅಪ್ಪಟ ಚಿನ್ನವಾದರೆ ಇಪ್ಪತ್ತು ಪಟ್ಟು ಬೇಕು. ಬೆರಕೆ ಸೇರಿದ, ಇವತ್ತಿನ 18 ಕ್ಯಾರೆಟ್ಟಿಗೆ ಹತ್ತಿರದ ಚಿನ್ನಕ್ಕೆ ಮಾತ್ರ ಆ ಲೆಕ್ಕ ಹೊಂದುತ್ತದೆ. ರಾಜ ತಾನೇ ಕುಲುಮೆ ಊದಿದನೆಂದು ಯಾರೂ ಹೇಳುವುದಿಲ್ಲ. ಆದರೆ ಕಸುಬಿನವನ ಕೈಯಲ್ಲಿದ್ದ ತಿಳಿವಳಿಕೆಯೊಂದು ಕಸುಬಿನವನಲ್ಲದ ಓದುಗನ ಮುಂದೆ ಬಂದದ್ದು ಸಣ್ಣ ಮಾತಲ್ಲ. ಬಂದದ್ದು ಸಂಸ್ಕೃತದಲ್ಲಿ, ಅರಮನೆಯ ಓದುಗನ ಮುಂದೆ, ಅಷ್ಟೆ.

ಜನಸಾಮಾನ್ಯರಿಗೆ ಅಕ್ಕಸಾಲೆ ತೆರೆದುಕೊಂಡದ್ದು ಬೇರೆ ದಾರಿಯಲ್ಲಿ, ಅಪನಂಬಿಕೆಯ ದಾರಿಯಲ್ಲಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ನಮ್ಮಲ್ಲಿದೆ. ಒಂದು ಸಮುದಾಯದ ದುಡಿಮೆಗೆ ಇಷ್ಟು ಅನ್ಯಾಯ ಮಾಡಿದ ಗಾದೆ ಇನ್ನೊಂದಿದೆಯೋ ಇಲ್ಲವೋ. ಆದರೆ ಈ ಗುಮಾನಿಯಿಂದಲೇ ಒಂದು ಪದ್ಧತಿ ಬೆಳೆಯಿತು. ಮದುವೆಯ ಒಡವೆಗೆ ಆಚಾರರನ್ನು ಮನೆಗೇ ಕರೆಸಿ, ಜಗಲಿಯಲ್ಲಿ ಅಗ್ಗಿಷ್ಟಿಕೆ ಹೂಡಿಸಿ, ಮನೆಯವರೊಬ್ಬರು ಎದುರಿಗೆ ಕೂತು ಕಾಯುವುದು. ಕಾಯುವವರಲ್ಲಿ ಅಜ್ಜಿ ಇರುತ್ತಿದ್ದಳು, ಶಾಲೆಗೆ ಚಕ್ಕರ್ ಹೊಡೆದ ಮೊಮ್ಮಗ ಇರುತ್ತಿದ್ದ. ಮೂಸೆಯಲ್ಲಿ ಚಿನ್ನ ಕರಗುವುದು, ಬಿಳಿಗಾರ ಉಬ್ಬಿ ಗಾಜಿನಂತಾಗುವುದು, ಊದುಕೊಳವೆಯ ತುದಿಯಿಂದ ಬಾಗಿದ ಉರಿ ಬೆಸುಗೆಯ ಜಾಗವನ್ನಷ್ಟೇ ನೆಕ್ಕುವುದು, ಕರಿಕಟ್ಟಿದ ಒಡವೆ ಹುಣಸೆ ಹುಳಿಯಲ್ಲಿ ಕುದ್ದು ಬೆಳಗುವುದು, ಇದೆಲ್ಲ ಕಾವಲಿಗೆ ಕೂತವರಿಗೆ ಕಾಣುತ್ತಿತ್ತು. ಒರೆಗೆ ಹಚ್ಚುವುದು, ಪುಟಕ್ಕಿಡುವುದು, ಬೆಸೆಯುವುದು, ಗುಲಗಂಜಿಯಷ್ಟೂ ಕಮ್ಮಿಯಿಲ್ಲ ಎನ್ನುವುದು, ಈ ಮಾತುಗಳು ಕನ್ನಡದಲ್ಲಿ ಇಷ್ಟು ಧಾರಾಳವಾಗಿ ಓಡಾಡುವುದಕ್ಕೆ ಆ ಜಗಲಿಯೂ ಒಂದು ಕಾರಣ ಎಂದು ನನ್ನ ಊಹೆ.

ನೋಡುವುದು ಬೇರೆ, ಕಲಿಯುವುದು ಬೇರೆ. ಕಲಿಕೆ ಪಾಂಚಾಳ ಕುಲದೊಳಗೇ, ಕರಾವಳಿಯಲ್ಲಾದರೆ ದೈವಜ್ಞರೊಳಗೂ ಇತ್ತು. ಮಗನೋ ಸೋದರಳಿಯನೋ ವರ್ಷಗಟ್ಟಲೆ ಇದ್ದಿಲು ಊದಿ, ಕಂಬಿ ಎಳೆದು, ಅರದ ಪುಡಿ ಗುಡಿಸಿ ಆಮೇಲೆ ಸುತ್ತಿಗೆ ಹಿಡಿಯುತ್ತಿದ್ದ. ಹೆಣ್ಣುಮಕ್ಕಳಿಗೆ ಮಣಿ ಪೋಣಿಸುವಂಥ ಕೆಲಸ ಸಿಕ್ಕರೂ ಬೆಂಕಿಯ ಮುಂದಿನ ಮಣೆ ಸಿಗುತ್ತಿರಲಿಲ್ಲ.

ಹವ್ಯಾಸ ಎಂಬ ಕಲ್ಪನೆ ಬಂದದ್ದು ಹೊರಗಿನಿಂದ. ಲಂಡನ್ನಿನಲ್ಲಿ ಸಿ.ಆರ್. ಆಶ್ಬಿ 1888ರಲ್ಲಿ ಕಟ್ಟಿದ ‘ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್’ ಯಂತ್ರಗಳ ಕಾಲದಲ್ಲಿ ಕೈಕೆಲಸವನ್ನು ಮತ್ತೆ ಕಲಿಸಲು ಹೊರಟಿತು. ಆಶ್ಬಿ ಸ್ವತಃ ವಾಸ್ತುಶಿಲ್ಪಿ, ಅಕ್ಕಸಾಲಿಗನ ಮಗನೇನಲ್ಲ. ಇಟಲಿಯ ಚೆಲ್ಲಿನಿ ಹದಿನಾರನೆಯ ಶತಮಾನದಲ್ಲಿ ಬರೆದಿದ್ದ ಚಿನ್ನದ ಕೆಲಸದ ಕೈಪಿಡಿಯನ್ನು 1898ರಲ್ಲಿ ಇಂಗ್ಲಿಷಿಗೆ ತಂದ. ಈ ಗಿಲ್ಡಿನ ನಂಟು ನಮಗೂ ಇದೆ. ಆನಂದ ಕುಮಾರಸ್ವಾಮಿ ಇದೇ ಗುಂಪಿನ ನೆರೆಯಲ್ಲಿ, ಆಶ್ಬಿ ದುರಸ್ತಿ ಮಾಡಿಕೊಟ್ಟ ಮನೆಯಲ್ಲಿ ವಾಸವಿದ್ದರು. ಅವರ ಹೆಂಡತಿ ಎಥೆಲ್‌ರ ತಮ್ಮ ಫ್ರೆಡ್ ಪಾರ್ಟ್ರಿಜ್ ಗಿಲ್ಡಿನಲ್ಲಿ ಒಡವೆ ಮಾಡುತ್ತಿದ್ದವನು. 1909ರಲ್ಲಿ ಕುಮಾರಸ್ವಾಮಿಯವರು ಭಾರತದ ಕುಶಲಕರ್ಮಿಯ ಬಗ್ಗೆ ಪುಸ್ತಕ ಬರೆದು, ತಂದೆಯಿಂದ ಮಗನಿಗೆ ಇಳಿಯುವ ಕುಲಕಸುಬಿನ ಕಲಿಕೆಯನ್ನು ಎತ್ತಿಹಿಡಿದರು. ಅವರ ಭಾವಮೈದುನನಾದರೋ ಕುಲದ ಹಂಗಿಲ್ಲದೆ, ಮನಸ್ಸಿಗೆ ಬಂತೆಂದು ಆ ಕೆಲಸ ಹಿಡಿದವನು. ಒಂದೇ ಮನೆಯ ಈ ಎರಡು ದಾರಿಗಳ ಬಗ್ಗೆ ಊಟದ ಮೇಜಿನಲ್ಲಿ ಚರ್ಚೆಯಾಗಿದ್ದರೆ ಕೇಳಬೇಕಿತ್ತು ಅನ್ನಿಸುತ್ತದೆ.

ನಮ್ಮಲ್ಲಿ ಈ ಗಾಳಿ ಬೀಸುವ ಮೊದಲೇ ಬೇರೊಂದು ಬಿರುಗಾಳಿ ಬಂತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣದ ನಿಯಮ ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ. 14 ಕ್ಯಾರೆಟ್ ಎಂದರೆ ನೂರಕ್ಕೆ 58 ಪಾಲು ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ. 22 ಕ್ಯಾರೆಟ್ಟಿನ ಮೆತ್ತನೆಯ ಚಿನ್ನಕ್ಕೆ ಪಳಗಿದ ಕೈಗೆ ಅದು ಗಡಸು ಲೋಹ. ಗಿರಾಕಿಯ ಕಣ್ಣಿಗೂ ಅದು ಚಿನ್ನವೇ ಅಲ್ಲ. ದೇಶದುದ್ದಕ್ಕೂ ಅಕ್ಕಸಾಲಿಗರ ಮನೆಗಳಲ್ಲಿ ಒಲೆ ಆರಿತು, ಆತ್ಮಹತ್ಯೆಗಳು ನಡೆದವು. ಶುದ್ಧತೆಯ ಮಿತಿ 1966ರಲ್ಲಿ ಹೋಯಿತು. ನಿಯಂತ್ರಣ ಹೋಗಲಿಲ್ಲ, 1968ರಲ್ಲಿ ಕಾಯ್ದೆಯಾಗಿ ಗಟ್ಟಿಯಾಯಿತು. ಕಸುಬು ಮಾಡಲು ಪ್ರಮಾಣಪತ್ರ ಬೇಕು. ಸಾಮಾನ್ಯ ಜನ ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ. 1990ರಲ್ಲಿ ಕಾಯ್ದೆ ರದ್ದಾಗುವವರೆಗೆ, ಕಲಿಯುವ ಆಸೆಗೆ ಒಂದು ಚೂರು ಚಿನ್ನ ತಂದು ಕರಗಿಸುವುದು ಕಾನೂನಿನ ಹೊರಗಿನ ಮಾತಾಗಿತ್ತು. ಹವ್ಯಾಸಿಗಳು ಇಂದಿಗೂ ತಾಮ್ರ, ಹಿತ್ತಾಳೆ, ಬೆಳ್ಳಿಗೆ ಅಂಟಿಕೊಂಡಿರುವುದಕ್ಕೆ ಚಿನ್ನದ ಬೆಲೆ ಒಂದೇ ಕಾರಣವಲ್ಲ.

ಆ ಕಾಲದಲ್ಲೇ ಮತ್ತಿಕೆರೆಯ ಸುತ್ತ ಇನ್ನೊಂದು ಬಗೆಯ ಕೈಕೆಲಸ ಬೆಳೆಯುತ್ತಿತ್ತು. ಒಂದು ಮಗ್ಗುಲಲ್ಲಿ 1909ರಿಂದ ಇದ್ದ ವಿಜ್ಞಾನ ಸಂಸ್ಥೆ, ಇನ್ನೊಂದು ಮಗ್ಗುಲಲ್ಲಿ ಜಾಲಹಳ್ಳಿಯ ಎಚ್ಎಂಟಿ, ಬಿಇಎಲ್. ಎಚ್ಎಂಟಿಯ ಕೈಗಡಿಯಾರದ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಕೂದಲೆಳೆಯ ಅಳತೆಗೆ ಲೋಹ ಅರೆಯುವುದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಣ್ಣ ಇಕ್ಕುಳದಲ್ಲಿ ತಿರುಪು ಕೂರಿಸುವುದು ಇಲ್ಲಿ ಸಂಬಳದ ನೌಕರಿಯಾಯಿತು. ಆ ನೌಕರಿಗೆ ಕುಲ ಕೇಳುತ್ತಿರಲಿಲ್ಲ, ಐಟಿಐ ಸರ್ಟಿಫಿಕೇಟ್ ಕೇಳುತ್ತಿದ್ದರು. ಗಡಿಯಾರ ವಿಭಾಗದಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಅಕ್ಕಸಾಲೆಯ ಬಾಗಿಲನ್ನು ನಿಜಕ್ಕೂ ಅಗಲ ಮಾಡಿದ್ದು ಕಲಾ ಚಳವಳಿಗಿಂತ ಇಂಥ ಕಾರ್ಖಾನೆಗಳೇ ಎಂಬುದು ನನ್ನ ಅನಿಸಿಕೆ. ಉಂಗುರಕ್ಕೆ ಅರ ಹಾಕುವುದು ಹೇಗೆಂದು ಈ ಬಡಾವಣೆಯಲ್ಲಿ ಕೇಳಹೊರಟರೆ, ಅಕ್ಕಸಾಲಿಗರಿಗಿಂತ ಮೊದಲು ನಿವೃತ್ತ ಫಿಟ್ಟರ್ ಒಬ್ಬರು ಸಿಕ್ಕಿಬಿಡಬಹುದು.

ಫಿಟ್ಟರ್ ಅರ ಹಿಡಿಯುವುದನ್ನು ಕಲಿಸಬಲ್ಲರು, ಬೆಂಕಿಯನ್ನಲ್ಲ. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ. ಬೆಸುಗೆ ಹರಿಯುವ ಶಾಖಕ್ಕೂ ಒಡವೆಯೇ ಮುದ್ದೆಯಾಗುವ ಶಾಖಕ್ಕೂ ನಡುವೆ ಇರುವುದು ಕೆಲವೇ ಕ್ಷಣ. ಆ ಕ್ಷಣವನ್ನು ಬಣ್ಣದಿಂದ ಗುರುತಿಸಬೇಕು, ಅದಕ್ಕೇ ಹಳಬರು ಬೆಳಕು ಕಮ್ಮಿಯಿರುವ ಮೂಲೆಯಲ್ಲಿ ಕೂರುತ್ತಿದ್ದರು. ವಿಡಿಯೋದಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ಸಂಗತಿ ಜೀವಕ್ಕೇ ಸಂಬಂಧಿಸಿದ್ದು. ಒಡವೆ ಅಂಗಡಿಗಳ ಜಾಹೀರಾತಿನಲ್ಲಿ ವರ್ಷಗಟ್ಟಲೆ ಮೆರೆದ ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಹಳೆಯ ಬೆಸುಗೆಯಲ್ಲಿ ತಾಮ್ರ ಹೆಚ್ಚಿದ್ದು, ಒಡವೆ ಕರಗಿಸಿದಾಗ ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಂ ಕಾದರೆ ಆವಿಯಾಗಿ ಹೋಗುತ್ತದೆ, ಚಿನ್ನದ ಮಟ್ಟ ಉಳಿಯುತ್ತದೆ. ಆವಿ ಹೋಗುವುದು ಊದುವವನ ಶ್ವಾಸಕೋಶಕ್ಕೆ, ಅಲ್ಲಿಂದ ಮೂತ್ರಪಿಂಡಕ್ಕೆ. ಗಿರಾಕಿಗೆ ಶುದ್ಧತೆ, ಕೆಲಸಗಾರನಿಗೆ ಕಾಯಿಲೆ. ಭಾರತೀಯ ಮಾನಕ ಬ್ಯೂರೊ ಇದಕ್ಕೆ ಅವಕಾಶ ಕೊಟ್ಟಿಲ್ಲ. ಮನೆಯ ಅಡುಗೆಕೋಣೆಯಲ್ಲಿ ಬೆಸುಗೆ ಕಲಿಯುವವರು ತಂದ ಬೆಸುಗೆಯಲ್ಲಿ ಏನಿದೆ ಎಂದು ಕೇಳಿಯೇ ಕಿಟಕಿ ತೆರೆದು ಕೂರಬೇಕು.

ಬೆಂಕಿಯ ಪಾಠಕ್ಕೆ ಕೊನೆಗೂ ನಗರ್ತಪೇಟೆಗೇ ಹೋಗಬೇಕಾಗುತ್ತದೆ. ಮೂಸೆ, ಚಿಮಟ, ಕಂಬಿ ಎಳೆಯುವ ತೂತಿನ ಪಟ್ಟಿ ಸಿಗುವುದೂ ಆ ಕಡೆಯೇ. ಕಾಳಿಕಾಂಬ ಗುಡಿಯ ಆಸುಪಾಸಿನ ಮಾಳಿಗೆಗಳಲ್ಲಿ ಈಗ ಬಂಗಾಳಿ ಮಾತು ಕಿವಿಗೆ ಬೀಳುತ್ತದೆ. ನಮ್ಮ ಆಚಾರರ ಮಕ್ಕಳು ಬೇರೆ ಬೇರೆ ನೌಕರಿ ಹಿಡಿದಿದ್ದಾರೆ, ಅವರು ಬಿಟ್ಟ ಮಣೆಯಲ್ಲಿ ದೂರದ ಊರಿನ ಹುಡುಗರು ಕೂತಿದ್ದಾರೆ. ಅಲ್ಲಿಗೆ ಹೋಗಿ ‘ಸುಮ್ಮನೆ ಹವ್ಯಾಸಕ್ಕೆ, ಸ್ವಲ್ಪ ತೋರಿಸಿ’ ಎಂದರೆ ಹಿರಿಯರು ಮುಖ ನೋಡಿ ನಗುತ್ತಾರೆ. ಆ ನಗುವಿನಲ್ಲಿ ಬಿಗುಮಾನವಷ್ಟೇ ಇದೆ ಎಂದು ತಿಳಿಯಬೇಡಿ. ಗ್ರಾಂ ಲೆಕ್ಕದ ಕೂಲಿಗೆ ದುಡಿಯುವವರ ಅರ್ಧ ದಿನವನ್ನು ಪುಕ್ಕಟೆ ಕೇಳುವವರು ನಾವು. ಕಲಿಸಿದ್ದಕ್ಕೆ ದಿನದ ಕೂಲಿಯನ್ನಾದರೂ ಕೊಡುವುದು ಕಲಿಯುವವರಿಗೆ ಭಾರವಾಗಬಾರದು.

ಕಲಿತ ಮೇಲೆ ಮಾಡಿದ್ದನ್ನು ಮಾರಲು ಹೊರಟರೆ ಹೊಸ ಬಾಗಿಲೊಂದಿದೆ. 2021ರ ಜೂನ್ 16ರಿಂದ ಹಂತಹಂತವಾಗಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಮೊದಲ ಹಂತದಲ್ಲೇ 256 ಜಿಲ್ಲೆಗಳು ಸೇರಿದವು. ವರ್ಷಕ್ಕೆ 40 ಲಕ್ಷ ರೂಪಾಯಿಯವರೆಗಿನ ವಹಿವಾಟಿನವರಿಗೆ ವಿನಾಯಿತಿ ಇದೆ. ಎರಡು ಗ್ರಾಮಿಗಿಂತ ಹಗುರವಾದ ಒಡವೆಗೂ ಮುದ್ರೆ ಬೇಕಿಲ್ಲ. ಎರಡು ಗ್ರಾಂ ಎಂದರೆ ಹಳೆಯ ತೂಕದಲ್ಲಿ ಸುಮಾರು ಹದಿನಾರು ಗುಲಗಂಜಿ. ಒಂದು ಮೂಗುತಿಗೆ ಅಷ್ಟು ಚಿನ್ನ ಬೇಕಾಗುವುದೂ ಇಲ್ಲ.