ಸಣ್ಣ ವಿಮಾನದ ಸ್ವಿಚ್ ದೋಷ ಪತ್ತೆ

ಒಂಟಿ ಎಂಜಿನ್‌ನ ಲಘು ವಿಮಾನಗಳಲ್ಲಿ ದೀಪ, ರೇಡಿಯೊ, ಇಂಧನ ಪಂಪ್, ಸ್ಟಾರ್ಟರ್ ಮುಂತಾದವು ಸ್ವಿಚ್ ಹಾಕಿದರೂ ಸರಿಯಾಗಿ ನಡೆಯದಿದ್ದಾಗ ಕೈಗೊಳ್ಳುವ ತಪಾಸಣೆ ಇದು. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಮೈಸೂರಿನ ಮಂಡಕಳ್ಳಿ, ಅಲ್ಲಿ ಹಾರಾಟದ ತರಬೇತಿಯೂ ಉಂಟು. ಆದರೆ ಸ್ವಿಚ್ಚಿನ ಸಂಪರ್ಕ ಬಿಂದುಗಳು ಹಾಳಾಗುವ ಬಗೆ ಈ ಸೀಮೆಗೆ ಹೊಸದಲ್ಲ. ಗುಂಡ್ಲುಪೇಟೆಯ ಅರಿಸಿನ, ಬಾಳೆ ತೋಟಗಳ ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ಪಾಯಿಂಟ್ ಸುಡುವ ಹಾಗೆಯೇ ವಿಮಾನದ ಸ್ವಿಚ್ಚಿನಲ್ಲೂ ಕಿಡಿ ಹಾರಿ ಲೋಹ ಕರಗುತ್ತದೆ, ಕಪ್ಪು ಕಟ್ಟುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಮಲ್ಟಿಮೀಟರ್‌ನ ಓಮ್ ಅಳತೆಯನ್ನು ನಂಬಿ. ಸಂಪರ್ಕ ಬಿಂದುವಿನಲ್ಲಿ 0.3 ಓಮ್ ಪ್ರತಿರೋಧ ಬೆಳೆದಿದೆ ಎನ್ನೋಣ. ಮೀಟರಿನ ತಂತಿಗಳಿಗೇ ಹೆಚ್ಚುಕಡಿಮೆ ಅಷ್ಟು ಪ್ರತಿರೋಧ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ‘ಬೀಪ್’ ಸದ್ದು ಕೇಳಿ ಸ್ವಿಚ್ ಸರಿಯಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಅದೇ ಸ್ವಿಚ್ಚಿನಲ್ಲಿ 14 ವೋಲ್ಟ್‌ನ 100 ವ್ಯಾಟ್ ಲ್ಯಾಂಡಿಂಗ್ ದೀಪದ ಸುಮಾರು 7 ಆಂಪಿಯರ್ ಹರಿದರೆ 2 ವೋಲ್ಟ್ ಅಲ್ಲೇ ಸೋರಿಹೋಗಿ, 15 ವ್ಯಾಟ್‌ನಷ್ಟು ಶಾಖ ಪ್ಯಾನೆಲ್‌ನ ಹಿಂದೆ ಸೇರುತ್ತದೆ. ಆದ್ದರಿಂದ ಭಾರ ಹೊತ್ತು ಓಡುತ್ತಿರುವಾಗ ಅಳೆದ ವೋಲ್ಟೇಜ್ ಕುಸಿತವೇ ನಂಬಬಹುದಾದ ಸಾಕ್ಷ್ಯ. ದೀಪ ಉರಿಯುತ್ತಿರುವಂತೆಯೇ ಸ್ವಿಚ್ಚಿನ ಎರಡು ತುದಿಗಳ ನಡುವೆ, ಆಮೇಲೆ ಸರ್ಕ್ಯೂಟ್ ಬ್ರೇಕರ್, ಕನೆಕ್ಟರ್‌ಗಳ ಆಚೀಚೆ, ಕೊನೆಗೆ ದೀಪದ ಗ್ರೌಂಡಿನಿಂದ ಬ್ಯಾಟರಿಯ ಋಣ ತುದಿಯವರೆಗೆ ಅಳೆಯುತ್ತಾ ಹೋಗಬೇಕು. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಲೋಹದ ವಿಮಾನಗಳಲ್ಲಿ ಅಲ್ಯೂಮಿನಿಯಂ ಮೈಯೇ ಕರೆಂಟಿನ ಮರುದಾರಿ. ಬೆಸುಗೆಯಿಲ್ಲದ ಅದರ ಜೋಡಣೆಗಳಿಗೆ ಮಳೆಗಾಲದ ತೇವ ಹೊಕ್ಕು ಕಿಲುಬು ಹಿಡಿದರೆ, ತಪ್ಪು ರೆಕ್ಕೆಯ ತುದಿಯಲ್ಲಿದ್ದರೂ ಅಪವಾದ ಪ್ಯಾನೆಲ್ಲಿನ ಸ್ವಿಚ್ಚಿನ ಮೇಲೆ ಬರುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ ಕೈಪಿಡಿಯ ಪ್ರಕಾರ, ಸತತ ಕೆಲಸದ 14 ವೋಲ್ಟ್ ಸರ್ಕ್ಯೂಟ್‌ನಲ್ಲಿ ತಂತಿಯ ಉದ್ದಕ್ಕೂ ಒಟ್ಟು ಕುಸಿತ 0.5 ವೋಲ್ಟ್ ಮೀರಬಾರದು.

ಇಷ್ಟೆಲ್ಲ ಗೋಳೇಕೆ, ಹೊಸ ಸ್ವಿಚ್ ಹಾಕಿದರೆ ಮುಗಿಯಿತಲ್ಲ ಎಂಬ ವಾದವಿದೆ. ಎಷ್ಟೋ ಸಲ ಹೊಸದು ಹಾಕಿದ ಕೂಡಲೇ ದೀಪ ಉರಿಯುವುದರಿಂದ ವಾದ ಗೆದ್ದಂತೆ ಕಾಣುತ್ತದೆ. ಆದರೆ ಬದಲಿಸುವಾಗ ತುದಿಗಳನ್ನು ಬಿಚ್ಚಿ, ಒರೆಸಿ, ಬಿಗಿ ಮಾಡಿರುತ್ತಾರೆ. ಗುಣವಾದದ್ದು ಆ ಬಿಗಿಯಿಂದಲೇ ಇರಬಹುದು. ಇನ್ನು ಸ್ವಿಚ್ ನಿಜವಾಗಿ ಸುಟ್ಟಿದ್ದರೂ ಸುಟ್ಟದ್ದೇಕೆ ಎಂದು ಕೇಳದಿದ್ದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ತಣ್ಣಗಿರುವ ತಂತು ದೀಪ ಹೊತ್ತಿಕೊಳ್ಳುವ ಗಳಿಗೆಯಲ್ಲಿ ಮಾಮೂಲಿನ 15 ಪಟ್ಟಿನವರೆಗೆ ಕರೆಂಟ್ ಎಳೆಯಬಲ್ಲದು. ಅದಕ್ಕಾಗಿಯೇ 28 ವೋಲ್ಟ್‌ನ ದೀಪಕ್ಕೆ ಸ್ವಿಚ್ ಆರಿಸುವಾಗ ಅದರ ಮೇಲೆ ಬರೆದ ಸಾಮರ್ಥ್ಯವನ್ನು 8ರಿಂದ ಭಾಗಿಸಬೇಕೆಂದು ಅದೇ ಕೈಪಿಡಿ ಹೇಳುತ್ತದೆ. ಸೊಲೆನಾಯ್ಡ್‌ನ ಕಾಟ ಆಫ್ ಮಾಡುವಾಗ: ಸುರುಳಿಯಲ್ಲಿ ಕೂಡಿದ್ದ ಶಕ್ತಿ ಕಿಡಿಯಾಗಿ ಸಿಡಿಯುತ್ತದೆ. ಎಸಿಎಸ್ ಕಂಪನಿಯ ಕೀಲಿ ಸ್ವಿಚ್‌ಗಳ ಬಗ್ಗೆ 1993ರಲ್ಲಿ ಎಫ್‌ಎಎ ಹೊರಡಿಸಿದ ಆದೇಶವು ಸಂಪರ್ಕ ಬಿಂದುಗಳ ತಪಾಸಣೆಯ ಜೊತೆಗೆ ಸ್ಟಾರ್ಟರ್ ಸೊಲೆನಾಯ್ಡ್‌ಗೆ ಡಯೋಡ್ ಕೂಡ ಕೇಳಿದ್ದು ಈ ಕಾರಣಕ್ಕೆ. ಸ್ವಿಚ್ ಮಾತ್ರ ಬದಲಿಸಿ ಸುಮ್ಮನಾಗುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಈ ಕ್ರಮ ನಡೆಯದ ಒಂದು ಜಾಗವಿದೆ, ಅದು ಎಂಜಿನ್‌ಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ ಸ್ವಿಚ್. ಉಳಿದ ಸ್ವಿಚ್‌ಗಳಲ್ಲಿ ತಂತಿ ಕಡಿದರೆ ಉಪಕರಣ ಸಾಯುತ್ತದೆ. ಇಲ್ಲಿ ಮ್ಯಾಗ್ನೆಟೊ ಜೀವಂತ ಉಳಿಯುತ್ತದೆ. ಆಫ್ ಮಾಡುವುದೆಂದರೆ ಅದನ್ನು ಗ್ರೌಂಡಿಗೆ ಸೇರಿಸುವುದು. ಆ ತಂತಿ ಬಿಟ್ಟಿದ್ದರೆ ಕೀಲಿ ಕೈಯಲ್ಲಿದ್ದರೂ ಪ್ರೊಪೆಲ್ಲರ್ ತಿರುಗಿಸಿದವನ ಕೈಯಲ್ಲೇ ಎಂಜಿನ್ ಹಠಾತ್ತನೆ ಚಾಲೂ ಆಗಬಹುದು. ಎಂಜಿನ್ ನಿಧಾನ ಓಡುತ್ತಿರುವಾಗ ಕ್ಷಣಕಾಲ ಆಫ್‌ಗೆ ತಿರುಗಿಸಿ, ಸದ್ದು ಅಡಗುತ್ತದೆಯೇ ಎಂದು ನೋಡುವುದೇ ಇದರ ಪರೀಕ್ಷೆ.

ದುರಸ್ತಿಗೆ ಸಹಿ ಹಾಕುವವರು ಲೈಸೆನ್ಸ್ ಪಡೆದ ಎಂಜಿನಿಯರ್‌ಗಳು, ಪೈಲಟ್‌ಗೆ ಇದೆಲ್ಲ ಏಕೆ ಎಂದೂ ಕೇಳುವುದುಂಟು. ದೋಷ ಹೊರಬೀಳುವುದು ಹಾರಾಟದಲ್ಲಿ, ಎಂಜಿನ್ ನಡುಕದ ನಡುವೆ. ಹ್ಯಾಂಗರಿನಲ್ಲಿ ನಿಂತ ವಿಮಾನ ಅದನ್ನು ತೋರಿಸದೆ ಹೋಗಬಹುದು. ‘ಸ್ವಿಚ್ ಕೆಟ್ಟಿದೆ’ ಎಂದು ಲಾಗ್‌ನಲ್ಲಿ ಬರೆದರೆ ತೀರ್ಪು ಮಾತ್ರ ಸಿಗುತ್ತದೆ. ಯಾವಾಗ ಆರಿತು, ಸ್ವಿಚ್ ಬಿಸಿಯಿತ್ತೇ, ಆಮ್ಮೀಟರ್ ಮುಳ್ಳು ಅಲುಗಿತೇ ಎಂದು ಬರೆದರೆ ಹುಡುಕಲು ದಾರಿ ಸಿಗುತ್ತದೆ. ಬಂಡೀಪುರದ ಕಾಡಿನ ಮೇಲೆ, ಇಳಿಯಲು ಬಯಲಿಲ್ಲದ ಕಡೆ, ಹೊಗೆಯ ವಾಸನೆ ಬಂದರೆ ಮಾತ್ರ ಅಳತೆಗೆ ವ್ಯವಧಾನವಿಲ್ಲ: ಸಾಮಾನ್ಯ ಸೆಸ್ನಾದಲ್ಲಿ ಮಾಸ್ಟರ್ ಸ್ವಿಚ್ ಆರಿಸಬಹುದು, ಮ್ಯಾಗ್ನೆಟೊಗಳು ಬ್ಯಾಟರಿಯ ಹಂಗಿಲ್ಲದೆ ಎಂಜಿನ್ ಓಡಿಸುತ್ತವೆ. ಆದರೆ ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-3 ವಿಮಾನದ ರೋಟಾಕ್ಸ್ 914 ಎಂಜಿನ್‌ಗೆ ಇಂಧನ ಒದಗಿಸುವುದು ವಿದ್ಯುತ್ ಪಂಪ್‌ಗಳು. ಅಲ್ಲಿ ಅದೇ ಕೈಚಳಕ ತೋರುವ ಮೊದಲು ಆ ವಿಮಾನದ್ದೇ ಕೈಪಿಡಿ ಏನು ಹೇಳುತ್ತದೆಂದು ತಿಳಿದಿರಬೇಕು.